ಅಚ್ಚುಕೂಟದ ಬೀಗದ ಕೈ



ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆಗಳಿಂದ ಕೂಡಿಸಿದ ವಚನಗಳನ್ನು ಅಚ್ಚು ಹಾಕಿಸಬೇಕೆಂದು ಮೊದಲು ನೋಡಿದುದು ಈ ಕರಾವಳಿಯ ಕಡೆಗೇ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು 1841ರಲ್ಲಿ ಸ್ಥಾಪಿತವಾಗಿ, 1843ರಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟ್ಟೆಲರ ನಿಘಂಟನ್ನೂ ಹೊರತಂದು ಕನ್ನಡ ಮುದ್ರಣಕ್ಕೆ ಮಾದರಿಯೆನಿಸಿದ್ದಿತು. ಆದರೆ ವಚನಗಳ ಹಸ್ತಪ್ರತಿಯು ಅಲ್ಲಿ ಅಚ್ಚಾಗದೆ ಹಿಂದಿರುಗಿ ಬಂದಿತೆಂದು ಅವರ ಚರಿತ್ರಕಾರರು ಬರೆದಿರುವರು. ತರುವಾಯ 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಕು ಕಂಡಿತು. ಪರರ ಅಚ್ಚುಕೂಟಗಳನ್ನು ನೆಚ್ಚಿ ಸಾಕಾದ ಹಳಕಟ್ಟಿಯವರು ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು; ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಆ ಮಹನೀಯರು ಮುಂದೆ ಬಾಡಿಗೆಯ ಮನೆಯಲ್ಲಿಯೇ ಬಾಳಿದರು. ಅಚ್ಚಿನ ಯಂತ್ರವು ಯಾರ ಕೈಯಲ್ಲಿರುವುದೋ, ಯಾವ ಗ್ರಂಥವು ಹೊರಬರಬೇಕೆಂಬ ತೀರ್ಮಾನವೂ ಅವರ ಕೈಯಲ್ಲಿಯೇ ಇರುವುದೆಂಬುದನ್ನು ಅವರು ಇಷ್ಟು ಬೆಲೆ ಕೊಟ್ಟು ತಿಳಿದುಕೊಂಡರು.

ಈಗ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳಲ್ಲಿ ಮನೆ ಮಾರದೆಯೇ ಮುದ್ರಣಯಂತ್ರವನ್ನು ಕೊಳ್ಳಬಹುದು. ಮೇಜಿನ ಮೂಲೆಯಲ್ಲಿ ಕೂರುವಷ್ಟು ಚಿಕ್ಕದು. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟ ನಡೆಸಲು ಪಟ್ಟ ಪಾಡು ಇಂದಿನವರಿಗಿಲ್ಲ. ಆದರೂ ಬೀಗದ ಕೈ ಕೊಂಡವನ ಬಳಿಗೆ ಬಂದಿತೆಂದು ಹೇಳಲು ಬಾರದು. ಗಣಕಯಂತ್ರದ ಮಾತನ್ನು ಮುದ್ರಣಯಂತ್ರಕ್ಕೆ ತಿಳಿಯಹೇಳುವ ತಂತ್ರಾಂಶವೊಂದು ನಡುವೆ ಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಗಣಕದ ವ್ಯವಸ್ಥೆ ಹೊಸದಾದಾಗ ಹಳೆಯ ಯಂತ್ರಕ್ಕೆ ಹೊಸ ಡ್ರೈವರನ್ನು ತಯಾರಕನು ಕೊಡದೆ ಹೋದರೆ, ಉರುಳೆ, ಶಾಯಿ, ಕಾಗದ ಎಲ್ಲವೂ ಸರಿಯಾಗಿರುವ ಯಂತ್ರವು ಮೂಲೆ ಸೇರುವುದು. ಕೆಟ್ಟುದೇನೂ ಇಲ್ಲ, ಆದರೂ ಕೆಲಸವಿಲ್ಲ.

ಈ ಕಷ್ಟವು ಮೊದಲು ತಟ್ಟಿದುದು ಬಡವರಿಗಲ್ಲ, ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯ ಪಂಡಿತರಿಗೆ. 1980ರ ಸುಮಾರಿಗೆ ಅಲ್ಲಿಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪೆನಿಯ ಲೇಸರ್ ಮುದ್ರಣಯಂತ್ರವೊಂದು ಬಂದಿತು. ಹಿಂದಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ಸೂಚನೆ ಹೋಗುವಂತೆ ರಿಚರ್ಡ್ ಸ್ಟಾಲ್ಮನ್ ಎಂಬವರು ತಂತ್ರಾಂಶವನ್ನು ತಿದ್ದಿದ್ದರು. ಹೊಸದನ್ನು ತಿದ್ದೋಣವೆಂದರೆ ಅದರ ಮೂಲಸೂತ್ರಗಳೇ ದೊರೆಯಲಿಲ್ಲ. ಅವನ್ನು ಬಲ್ಲವರು ಗುಟ್ಟನ್ನು ಕಾಯುವುದಾಗಿ ಮಾತು ಕೊಟ್ಟಿದ್ದರು. ಸ್ಟಾಲ್ಮನ್ನರು 1983ರಲ್ಲಿ ಸಾರಿದ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆಗೆ ಈ ಪ್ರಸಂಗವೂ ಒಂದು ಕಾರಣವಾಯಿತು. ಲೋಕದ ಅಷ್ಟು ದೊಡ್ಡ ಚಳುವಳಿಯ ಬೇರಿನಲ್ಲಿ ಸಿಕ್ಕಿಕೊಂಡ ಒಂದು ಹಾಳೆ ಕಾಗದವಿರುವುದು ವಿನೋದವೇ ಸರಿ.

ಆ ದಾರಿಯಲ್ಲಿ ಮುಂದೆ ಬಂದುದು ಕಪ್ಸ್ ಎಂಬ ಮುದ್ರಣವ್ಯವಸ್ಥೆ. ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಇದರ ರಚನೆಗೆ ತೊಡಗಿ 1999ರಲ್ಲಿ ಮೂಲಸೂತ್ರಗಳ ಸಹಿತ ಲೋಕಕ್ಕೆ ಕೊಟ್ಟರು. ಆಪಲ್ ಕಂಪೆನಿಯು 2002ರಲ್ಲಿ ತನ್ನ ಗಣಕಗಳಲ್ಲಿ ಇದನ್ನೇ ಅಳವಡಿಸಿ, 2007ರಲ್ಲಿ ಅದರ ಒಡೆತನವನ್ನೂ ಕೊಂಡಿತು. ಇಂಥ ವಸ್ತು ಮಾರಾಟವಾದರೆ ಗತಿಯೇನೆಂಬ ಶಂಕೆ ಸಹಜ. ಆದರೆ ಒಮ್ಮೆ ಬಯಲಿಗಿಟ್ಟ ಸೂತ್ರಗಳನ್ನು ಮರಳಿ ಪೆಟ್ಟಿಗೆಗೆ ಹಾಕುವಂತಿರಲಿಲ್ಲ. ಸ್ವೀಟರು 2019ರಲ್ಲಿ ಆಪಲನ್ನು ಬಿಟ್ಟ ಮೇಲೆ, ಓಪನ್‌ಪ್ರಿಂಟಿಂಗ್ ಎಂಬ ಬಳಗವು 2020ರಲ್ಲಿ ಅದೇ ಸೂತ್ರಗಳಿಂದ ತನ್ನ ಕವಲನ್ನು ಬೆಳೆಸತೊಡಗಿತು. ಸ್ವೀಟರೂ ಅಲ್ಲಿ ಕೈಗೂಡಿಸಿದರು. ದಾಸೋಹದ ಅಡಿಗೆಮನೆಯನ್ನು ಬಲ್ಲ ಭಕ್ತರಿಗೆ ಈ ಏರ್ಪಾಡನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಅದರ ಸ್ಥಾಪನೆಯು ಕಠಿಣವಲ್ಲ. ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಯುಳ್ಳ ಹಳೆಯ ಗಣಕವೊಂದಿದ್ದರೆ ಸಾಕು. ಕಪ್ಸನ್ನು ಅದರಲ್ಲಿ ಸ್ಥಾಪಿಸಿ, ಮೇಲ್ವಿಚಾರಣೆ ಮಾಡತಕ್ಕವರ ಹೆಸರನ್ನು ‘ಎಲ್‌ಪಿಅಡ್ಮಿನ್’ ಎಂಬ ಗುಂಪಿಗೆ ಸೇರಿಸಬೇಕು. ಅನಂತರ ಅದೇ ಗಣಕದ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದು, ಎರಡು ಚುಕ್ಕಿಯಿಟ್ಟು, 631 ಎಂಬ ಸಂಖ್ಯೆಯನ್ನು ಕೊಟ್ಟರೆ ಆಡಳಿತದ ಪುಟವು ತೆರೆಯುವುದು. ಅಲ್ಲಿ ‘ಆಡ್ ಪ್ರಿಂಟರ್’ ಎಂಬುದನ್ನು ಒತ್ತಿ, ತಂತಿಯಿಂದ ಜೋಡಿಸಿದ ಯಂತ್ರವನ್ನು ಆರಿಸಿ, ಒಂದು ಹೆಸರಿಟ್ಟು, ಪರೀಕ್ಷೆಯ ಹಾಳೆಯೊಂದನ್ನು ತೆಗೆದು ನೋಡತಕ್ಕುದು. ತಯಾರಕನು ಕೈಬಿಟ್ಟ ಎಷ್ಟೋ ಹಳೆಯ ಮಾದರಿಗಳಿಗೆ ಗುಟೆನ್‌ಪ್ರಿಂಟ್ ಎಂಬ ಸಂಗ್ರಹದಲ್ಲಿ ಡ್ರೈವರ್ ದೊರೆಯುವುದು. ಹಂಚಿಕೆಯ ಗುರುತನ್ನು ಹಾಕಿದರೆ ಮನೆಯ ಅಥವಾ ಮಠದ ಜಾಲದೊಳಗಿರುವ ಬೇರೆ ಗಣಕಗಳೂ ಕೈಫೋನುಗಳೂ ಆ ಒಂದೇ ಯಂತ್ರದಿಂದ ಅಚ್ಚು ಪಡೆಯಬಹುದು.

ಕಳುಹಿದ ಕಡತಗಳು ಸರದಿಯಲ್ಲಿ ನಿಲ್ಲುವವು. ಜ್ಯೇಷ್ಠ ಆಷಾಢಗಳ ಮಳೆಗೆ ವಿದ್ಯುತ್ತು ಹೋದರೂ, ಸರದಿಗೆ ಸೇರಿದ ಕೆಲಸವು ಗಣಕದಲ್ಲಿ ಉಳಿದಿದ್ದು ವಿದ್ಯುತ್ತು ಬಂದ ಮೇಲೆ ಮುಂದುವರಿಯುವುದು. ಕರಾವಳಿಯ ತೇವಕ್ಕೆ ಕಾಗದವು ನೀರೀಂಟಿ ಬಾಗಿ ಉರುಳೆಯಲ್ಲಿ ಸಿಕ್ಕಿಕೊಳ್ಳುವುದೇ ದೊಡ್ಡ ತೊಡಕು. ಕಟ್ಟು ಬಿಚ್ಚಿದ ಕಾಗದವನ್ನು ಮುಚ್ಚಿದ ಡಬ್ಬಿಯಲ್ಲಿಡತಕ್ಕುದು. ಹೀಗೆ ಸಿಕ್ಕಿಕೊಂಡಾಗ ಕಪ್ಸ್ ಕೆಲವೊಮ್ಮೆ ಸರದಿಯನ್ನೇ ನಿಲ್ಲಿಸಿಬಿಡುವುದು. ಕಾಗದವನ್ನು ಬಿಡಿಸಿದ ಮೇಲೂ ಯಂತ್ರ ಸುಮ್ಮನಿದ್ದರೆ ಯಂತ್ರ ಕೆಟ್ಟಿತೆಂದು ರಿಪೇರಿಗೆ ಹೊರಡಬಾರದು. ಆಡಳಿತದ ಪುಟದಲ್ಲಿ ‘ರೆಸ್ಯೂಮ್’ ಎಂಬುದನ್ನು ಒತ್ತಿ ನೋಡಬೇಕು.

ಮೇಲೆ ಹೇಳಿದ 631 ಎಂಬುದಕ್ಕೆ ಗಣಕದವರು ಪೋರ್ಟು, ಎಂದರೆ ಬಂದರು, ಎಂದೇ ಹೇಳುವರು. ಕುಂದಾಪುರದವರಿಗೆ ಬಂದರಿನ ಗುಣದೋಷಗಳೆರಡೂ ಗೊತ್ತು. ಕೆಳದಿಯ ಅರಸರ ಕಾಲದಲ್ಲಿ ಅಕ್ಕಿಯ ವ್ಯಾಪಾರದಿಂದ ಮೆರೆದ ಬಸರೂರಿಗೆ 1665ರಲ್ಲಿ ಶಿವಾಜಿಯ ನೌಕೆಗಳು ಬಂದು ಸೂರೆ ಮಾಡಿಹೋದುದೂ ಅದೇ ನೀರಿನ ದಾರಿಯಿಂದಲೇ. ಕಪ್ಸ್‌ಗೂ ಇಂಥ ಅಪಾಯ ಒದಗಿತು. ಜಾಲದಲ್ಲಿರುವ ಮುದ್ರಣಯಂತ್ರಗಳನ್ನು ತಾನಾಗಿ ಹುಡುಕುವ ‘ಕಪ್ಸ್ ಬ್ರೌಸ್ಡ್’ ಎಂಬ ಸಹಾಯಕ ತಂತ್ರಾಂಶವು ಆ ಬಂದರಿನಲ್ಲಿ ಬಂದವರನ್ನೆಲ್ಲ ನಂಬುತ್ತಿದ್ದಿತು. ವಂಚಕನು ಸುಳ್ಳು ಮುದ್ರಣಯಂತ್ರವನ್ನು ತೋರಿಸಿ, ಅದಕ್ಕೆ ಯಾರಾದರೂ ಕಡತ ಕಳುಹಿದೊಡನೆ ಆ ಗಣಕದಲ್ಲಿ ತನ್ನ ಆಜ್ಞೆಯನ್ನು ನಡೆಸಬಹುದೆಂಬುದನ್ನು ಇಟಲಿಯ ಸಿಮೋನೆ ಮಾರ್ಗಾರಿಟೆಲ್ಲಿ ಎಂಬವರು 2024ರ ಸೆಪ್ಟೆಂಬರಿನಲ್ಲಿ ಬಹಿರಂಗಪಡಿಸಿದರು. ತಿದ್ದುಪಡಿಗಳು ಬೇಗನೆ ಬಂದವು. ಆದುದರಿಂದ ತಂತ್ರಾಂಶವನ್ನು ಆಗಾಗ ಹೊಸದು ಮಾಡಿಕೊಂಡಿರಬೇಕು, ಬೇಡವಾದರೆ ಆ ಸಹಾಯಕವನ್ನು ನಿಲ್ಲಿಸಬೇಕು, ಆ ಬಂದರನ್ನು ಹೊರಗಿನ ಅಂತರ್ಜಾಲಕ್ಕೆ ತೆರೆದಿಡಲೇ ಕೂಡದು.

ಇನ್ನು ಕನ್ನಡದ ಅಕ್ಷರಗಳ ಮಾತು. ಸೀಸದ ಮೊಳೆಗಳ ಕಾಲದಲ್ಲಿ ಒತ್ತಕ್ಷರಗಳಿಗಾಗಿ ಬೇರೆ ಬೇರೆ ಮನೆಗಳುಳ್ಳ ಪೆಟ್ಟಿಗೆ ಬೇಕಾಗುತ್ತಿದ್ದಿತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಕೆಲವೇ ಕೀಲಿಗಳಿಂದ ಕನ್ನಡವನ್ನೆಲ್ಲ ಬೆರಳಚ್ಚಿಸುವ ವಿನ್ಯಾಸವನ್ನು ರಚಿಸಿ, ಹಿರಿಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿದರು. ‘ನುಡಿ’ಯಲ್ಲಿರುವುದೂ ಅವರ ವಿನ್ಯಾಸವೇ. ಆದರೆ ಯುನಿಕೋಡ್ ಬರುವ ಮುನ್ನಿನ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳು ಆ ಅಕ್ಷರರೂಪವಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವವು, ಹಾಗೆಯೇ ಅಚ್ಚೂ ಆಗುವವು. ಇದು ಮುದ್ರಣಯಂತ್ರದ ದೋಷವಲ್ಲ, ಕಪ್ಸಿನದೂ ಅಲ್ಲ. ಮಠದ ಹಳೆಯ ಕಡತಗಳನ್ನು ಯುನಿಕೋಡಿಗೆ ಮಾರ್ಪಡಿಸಿ, ಗುಬ್ಬಿ, ನವಿಲು, ಲೋಹಿತ್ ಮೊದಲಾದ ಮುಕ್ತ ಅಕ್ಷರರೂಪಗಳಲ್ಲಿ ಒಮ್ಮೆ ಓದಿ ನೋಡಬೇಕು. ಮಾರ್ಪಾಡಿನಲ್ಲಿ ಅರ್ಕಾವತ್ತೂ ಒತ್ತುಗಳೂ ಜಾರುವುದುಂಟು. ವಚನಗಳಲ್ಲಿ ಅಂಥ ಒಂದು ಜಾರಿಕೆಯು ಅರ್ಥವನ್ನೇ ಕೆಡಿಸುವುದಾದುದರಿಂದ ಈ ಓದುವಿಕೆಯನ್ನು ಯಂತ್ರಕ್ಕೆ ಬಿಡದೆ ಇಬ್ಬರು ಕುಳಿತು, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಅಚ್ಚಾದ ಹಾಳೆಯನ್ನು ನೋಡುತ್ತ ಮಾಡತಕ್ಕುದು.