ಮದ್ದಿನೊಡನೆ ಒಂದು ಮಾತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ನಿಂತರೆಂದರೆ ಕಾವ್ಯವಿಚಾರವೇ ಬರುವುದೆಂದು ತಾವು ಎಣಿಸಿರಬಹುದು. ಇಂದು ನಾವು ನಿವೇದಿಸುವುದು ದೇಹಾರೋಗ್ಯದ ವಿಷಯ. ಆದರೂ ಅದು ಭಾಷೆಯನ್ನು ಬಿಟ್ಟುದಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮುತ್ತೂರು ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಗಡಿ ಸರಿಯಿತು, ಈ ಸೀಮೆಯ ದೇವಾಂಗರ ಮಗ್ಗದ ಮನೆಗಳಲ್ಲಿ ಕನ್ನಡ ಉಳಿಯಿತು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ನೇಯ್ದವರ ಮಕ್ಕಳು ಅನೇಕರು ಇಂದು ಬನಿಯನ್ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಊಟನಿದ್ರೆಗಳ ಹೊತ್ತು ತಪ್ಪಿದೆ; ಸಕ್ಕರೆ ಕಾಯಿಲೆ ಮನೆ ಹೊಕ್ಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ.

ಸಕ್ಕರೆ ಇಳಿದರೆ ರೋಗ ತೀರಿತೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ಈ ರೋಗವು ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸಿ ಹೃದಯ, ಮೂತ್ರಪಿಂಡ, ಕಣ್ಣು, ಪಾದಗಳನ್ನು ಪೀಡಿಸುತ್ತದೆ. ಆದುದರಿಂದಲೇ ವೈದ್ಯರು ಸಕ್ಕರೆಯ ಗುಳಿಗೆಯೊಡನೆ, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಗುಳಿಗೆಯನ್ನೂ, ಬೇಕಾದವರಿಗೆ ರಕ್ತದೊತ್ತಡದ ಗುಳಿಗೆಯನ್ನೂ ಬರೆಯುತ್ತಾರೆ. ಇವು ಬರುವ ಕೇಡನ್ನು ತಡೆಯುವ ಮದ್ದುಗಳು. ನುಂಗಿದರೆ ಒಡನೆ ಗುಣ ಕಾಣದು. ಬಿಟ್ಟರೆ ಒಡನೆ ನೋವೂ ಕಾಣದು. ಕೈ ಬಿಗಿಯಾದ ತಿಂಗಳಲ್ಲಿ ಮೊದಲು ನಿಲ್ಲುವುದು ಈ ಗುಳಿಗೆಯೇ. 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬ್ರಿಟನ್ ಮತ್ತು ಐರ್ಲೆಂಡುಗಳ 2838 ಮಧುಮೇಹಿಗಳನ್ನು ಎರಡು ಪಂಗಡ ಮಾಡಿದರು. ಅಟೊರ್ವಾಸ್ಟಾಟಿನ್ ಎಂಬ ಗುಳಿಗೆ ಪಡೆದ ಪಂಗಡದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ದೊಡ್ಡ ವಿಪತ್ತುಗಳು ಶೇಕಡಾ 37ರಷ್ಟು ಕಡಿಮೆಯಾದುವು. ಕೆರೆಯ ಏರಿಗೆ ಮಣ್ಣು ಹಾಕಬೇಕಾದುದು ಒಡೆಯುವ ಮೊದಲಲ್ಲವೆ?

ಇದನ್ನು ತಿಳಿಯಹೇಳುವವರು ಯಾರು? ವೈದ್ಯರ ಬಾಗಿಲಲ್ಲಿ ಜನಸಂದಣಿ. ತಿಂಗಳು ತಿಂಗಳೂ ನಮ್ಮ ಮುಖ ಕಾಣುವವರು ಔಷಧದಂಗಡಿಯ ಫಾರ್ಮಸಿಸ್ಟರು. ಅವರು ಬರಿಯ ವ್ಯಾಪಾರಿಗಳಲ್ಲ. 1948ರ ಶಾಸನದಂತೆ ವ್ಯಾಸಂಗ ಮಾಡಿ ಹೆಸರು ನೋಂದಾಯಿಸಿದವರು. 2015ರ ನಿಯಮಗಳು ರೋಗಿಗೆ ತಿಳಿವಳಿಕೆ ನೀಡುವುದನ್ನೂ ಅವರ ಕರ್ತವ್ಯದಲ್ಲಿ ಸೇರಿಸಿವೆ. ಅಮೆರಿಕದ ಆಶ್‌ವಿಲ್ ನಗರದಲ್ಲಿ 1996ರಿಂದ ಫಾರ್ಮಸಿಸ್ಟರು ನಗರಸಭೆಯ ಮಧುಮೇಹಿ ನೌಕರರನ್ನು ಕ್ರಮವಾಗಿ ಕಂಡು ವಿಚಾರಿಸತೊಡಗಿದರು; ರೋಗ ಹತೋಟಿಗೆ ಬಂದುದಲ್ಲದೆ ಚಿಕಿತ್ಸೆಯ ಒಟ್ಟು ವೆಚ್ಚವೂ ತಗ್ಗಿತು. ನಮ್ಮ ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು, ಕನ್ನಡಿಗರೂ ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿ, ಗುಳಿಗೆಯನ್ನು ಮನೆಬಾಗಿಲಿಗೆ ತಲುಪಿಸುವ ಯೋಜನೆ ಆರಂಭವಾಯಿತು. ಗುಳಿಗೆ ಬಾಗಿಲಿಗೆ ಬಂದರೂ ಅದರ ಅರ್ಥ ಮನಸ್ಸಿಗೆ ಬರಬೇಕು.

ಇಲ್ಲಿಯೇ ಭಾಷೆಯ ಕೆಲಸ. ನಮ್ಮ ಹಿರಿಯರು ತಮಿಳನ್ನು ಚೆನ್ನಾಗಿ ಆಡಬಲ್ಲರು. ಆದರೆ ಒಳಗಿನ ಅಂಜಿಕೆ ಮನೆಮಾತಿನಲ್ಲಿಯೇ ಹೊರಬರುತ್ತದೆ. ಗುಳಿಗೆಯ ಹಾಳೆಯ ಮೇಲಿನ ಇಂಗ್ಲಿಷು ಅವರಿಗೆ ಎಟುಕದು. ಆದುದರಿಂದ ನಮ್ಮ ಸೂಚನೆ ಇಷ್ಟು: ಮನೆಗೊಂದು ಪುಸ್ತಕವಿರಲಿ. ಗುಳಿಗೆಯ ಹೆಸರೇನು, ಏತಕ್ಕಾಗಿ, ಯಾವ ಹೊತ್ತಿಗೆ, ಎಷ್ಟು ದಿನ ಎಂಬುದನ್ನು ಫಾರ್ಮಸಿಸ್ಟರನ್ನು ಕೇಳಿ, ಕನ್ನಡ ಕಲಿತ ಮಕ್ಕಳು ಅದರಲ್ಲಿ ಬರೆದು ಅಜ್ಜಅಜ್ಜಿಯರಿಗೆ ಓದಿಹೇಳಲಿ. ಮೈಕೈ ನೋವೋ ತಲೆಸುತ್ತೋ ಕಂಡರೆ ತಾವಾಗಿ ಗುಳಿಗೆ ನಿಲ್ಲಿಸದೆ ಮೊದಲು ವೈದ್ಯರಿಗೆ ತಿಳಿಸಲಿ. ಫಾರ್ಮಸಿ ಓದುತ್ತಿರುವ ನಮ್ಮ ತರುಣ ತರುಣಿಯರು ತಿಂಗಳಿಗೊಂದು ಭಾನುವಾರ ಸಂಘದಲ್ಲಿ ಕುಳಿತು ಈ ಪುಸ್ತಕಗಳನ್ನು ನೋಡಿಕೊಡಲಿ.

ಶಾಲೆಯಲ್ಲಿ ಕಲಿತ ಅಕ್ಷರ ಮನೆಯ ಒಂದು ಜೀವವನ್ನು ಕಾಯ್ದರೆ, ಕನ್ನಡವೇಕೆ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಡ.