ಕ್ಯಾಸೆಟ್ಟಿನ ಬಾಯಲ್ಲಿ ಮೊಬೈಲಿನ ಹಾಡು

ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜೋಪಾನವಾಗಿ ಇಟ್ಟುಕೊಂಡವರು ಈಗಲೂ ಇದ್ದಾರೆ. ಪದ್ಮಿನಿ ಬರುವುದು ನಿಂತು ಎರಡು ದಶಕಗಳೇ ಕಳೆದವು. ಅಂಬಾಸಿಡರ್ 2014ರಲ್ಲಿ ನಿಂತಿತು. ಎಂಜಿನ್ನಿನ ಬಿಡಿಭಾಗ ಎಲ್ಲಿ ಸಿಗುತ್ತದೆ ಎನ್ನುವುದು ಈ ಗಾಡಿಗಳ ಒಡೆಯರಿಗೆ ಗೊತ್ತು. ಅವರಿಗೆ ಬಗೆಹರಿಯದೆ ಉಳಿಯುವುದು ಡ್ಯಾಶ್‌ಬೋರ್ಡಿನ ಕ್ಯಾಸೆಟ್ ಪ್ಲೇಯರು. ಹಾಡುಗಳೆಲ್ಲ ಮೊಬೈಲಿಗೆ ಬಂದು ಕೂತಿವೆ; ಪ್ಲೇಯರಿನಲ್ಲಿ ಮೊಬೈಲಿನ ಪಿನ್ ಚುಚ್ಚಲು ಜಾಗವೇ ಇಲ್ಲ. ಕಿತ್ತು ಹೊಸ ಸೆಟ್ ಹಾಕಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ಅದಕ್ಕಾಗಿ ಡ್ಯಾಶ್‌ಬೋರ್ಡ್ ಕೊರೆಯಬೇಕಾಗಿ ಬಂದರೆ, ಕೊರೆದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಆ ಸಲಹೆ ನನಗೆ ಒಪ್ಪಿಗೆಯಿಲ್ಲ. ಗಾಡಿಯ ಒಂದು ಸ್ಕ್ರೂ ಕೂಡ ಬಿಚ್ಚದೆ ಕೆಲಸ ಮುಗಿಸುವ ಸಣ್ಣ ಸಾಧನವೊಂದಿದೆ: ಕ್ಯಾಸೆಟ್ ಅಡಾಪ್ಟರ್.

ಮೊದಲು ಟೇಪು ಹಾಡುವುದು ಹೇಗೆಂದು ನೋಡೋಣ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ತೋರಿಸಿದ ಕ್ಯಾಸೆಟ್ ಎಂಬ ಈ ಪುಟ್ಟ ಪೆಟ್ಟಿಗೆಯೊಳಗಿನ ಟೇಪಿನ ಅಗಲ 4 ಮಿಲಿಮೀಟರಿಗಿಂತ ಕಡಿಮೆ. ಅದರ ಮೈಗೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ ಬಳಿದಿರುತ್ತಾರೆ. ಧ್ವನಿಯ ಏರಿಳಿತ ಆ ಪುಡಿಯಲ್ಲಿ ಕಾಂತತ್ವದ ಏರಿಳಿತವಾಗಿ ಕೂತಿರುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ ಎಂಬ ಲೋಹದ ತುಂಡನ್ನು ಸವರಿಕೊಂಡು ಹೋಗುತ್ತದೆ. ಹೆಡ್ಡಿನ ಒಳಗೊಂದು ತಂತಿಯ ಸುರುಳಿ ಇದೆ. ಎದುರಿಗೆ ಕಾಂತಕ್ಷೇತ್ರ ಬದಲಾದಂತೆಲ್ಲ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಟ್ಟರೆ ಹಾಡು.

ಹೆಡ್ಡಿಗೆ ಬೇಕಾದದ್ದು ಬದಲಾಗುವ ಕಾಂತಕ್ಷೇತ್ರ ಮಾತ್ರ. ಅದು ಟೇಪಿನಿಂದಲೇ ಬರಬೇಕೆಂಬ ನಿಯಮವಿಲ್ಲ. ಅಡಾಪ್ಟರ್ ನಿಂತಿರುವುದು ಈ ಒಂದೇ ಸತ್ಯದ ಮೇಲೆ. ಅಮೆರಿಕದ ಲ್ಯಾರಿ ಶಾಟ್ಜ್ 1980ರ ದಶಕದಲ್ಲಿ, ಸಿ.ಡಿ. ಪ್ಲೇಯರನ್ನು ಕಾರಿನ ಕ್ಯಾಸೆಟ್ ಡೆಕ್ಕಿಗೆ, ಅಂದರೆ ಕ್ಯಾಸೆಟ್ ಪ್ಲೇಯರಿಗೆ, ಸೇರಿಸಲೆಂದು ಇದನ್ನು ರೂಪಿಸಿದರು. ಹೊರಗೆ ಕ್ಯಾಸೆಟ್ಟಿನದೇ ಆಕಾರ, ಒಳಗೆ ಟೇಪಿಲ್ಲ. ಟೇಪು ಇರಬೇಕಾದ ಜಾಗದಲ್ಲಿ ಇನ್ನೊಂದು ಪುಟ್ಟ ಹೆಡ್ ಇದ್ದು, ಅದು ಡೆಕ್ಕಿನ ಹೆಡ್ಡಿಗೆ ಮುಖಾಮುಖಿಯಾಗಿ ಒತ್ತಿ ನಿಲ್ಲುತ್ತದೆ. ಮೊಬೈಲಿನ ವಿದ್ಯುತ್ ಸಂಕೇತ ತಂತಿಯ ಮೂಲಕ ಈ ಹೆಡ್ಡಿಗೆ ಬಂದು ಕಾಂತಕ್ಷೇತ್ರವಾಗುತ್ತದೆ, ಡೆಕ್ಕಿನ ಹೆಡ್ ಅದನ್ನು ಮರಳಿ ವಿದ್ಯುತ್ತಾಗಿಸುತ್ತದೆ. ಎಡ, ಬಲ ಎರಡೂ ಬೇರೆಬೇರೆಯಾಗಿಯೇ ದಾಟುತ್ತವೆ. ಟೇಪೇ ಇಲ್ಲದ್ದರಿಂದ ಟೇಪಿನ ಸರ್ರೆಂಬ ಸದ್ದೂ ಇಲ್ಲ, ಅದು ಉಜ್ಜಿ ಹೆಡ್ ಸವೆಯುವ ಭಯವೂ ಇಲ್ಲ.

ಟೇಪೇ ಇಲ್ಲದಿದ್ದರೂ ಅಡಾಪ್ಟರಿನೊಳಗೆ ಹಲ್ಲುಚಕ್ರಗಳೇಕೆ ತಿರುಗುತ್ತವೆ ಎಂಬ ಪ್ರಶ್ನೆ ಬರುತ್ತದೆ. ಬಹುಪಾಲು ಡೆಕ್ಕುಗಳಲ್ಲಿ ಆಟೋ ಸ್ಟಾಪ್ ಇರುತ್ತದೆ. ಟೇಪು ಸುತ್ತಿಕೊಳ್ಳುವ ಕಡೆಯ ಚಕ್ರ ನಿಂತರೆ, ಟೇಪು ಮುಗಿಯಿತು ಅಥವಾ ಸಿಕ್ಕಿಕೊಂಡಿತು ಎಂದು ತಿಳಿದು ಡೆಕ್ ನಿಂತುಬಿಡುತ್ತದೆ. ಹಾಗಾಗದಿರಲಿ ಎಂದೇ ಆ ಚಕ್ರಗಳು. ಕಟಕಟ ಸದ್ದು ಬರುವುದೂ ಅವುಗಳಿಂದಲೇ. ಒಂದು ಬದಿ ಮುಗಿದರೆ ತಾನೇ ಇನ್ನೊಂದಕ್ಕೆ ಹೊರಳುವ ಆಟೋ ರಿವರ್ಸ್ ಇರುವ ಡೆಕ್ ಮಾತ್ರ ಕೆಲವೊಮ್ಮೆ ಹಠ ಹಿಡಿಯುತ್ತದೆ, ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊರಳುತ್ತಲೇ ಇರುತ್ತದೆ. ಆಗ ದಿಕ್ಕು ಬದಲಿಸುವ ಗುಂಡಿ ಒತ್ತಿ ಇನ್ನೊಂದು ದಿಕ್ಕಿನಲ್ಲಿ ಓಡಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬೇರೆ ತಯಾರಿಕೆಯ ಅಡಾಪ್ಟರನ್ನು ಪ್ರಯತ್ನಿಸುವುದೇ ಲೇಸು.

ಧ್ವನಿ ಮಂಕಾಗಿ ಕೇಳಿದರೆ ಡಾಲ್ಬಿ ಗುಂಡಿ ಒತ್ತಿದೆಯೇ ಗಮನಿಸಿ. ಅದು ಟೇಪಿನ ಸದ್ದು ತಗ್ಗಿಸಲು ಮಾಡಿದ್ದು. ಇಲ್ಲಿ ಹಾಡಿನ ತಾರದ ಸ್ವರಗಳನ್ನೇ ನುಂಗಿಬಿಡುತ್ತದೆ. ಮೊಬೈಲಿನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕಿಟ್ಟು ಉಳಿದದ್ದನ್ನು ಗಾಡಿಯ ಗುಂಡಿಯಿಂದಲೇ ಸರಿಮಾಡಿ. ಪೂರ್ತಿ ಏರಿಸಿದರೆ ಹಾಡು ಒಡೆಯುತ್ತದೆ. ಚಾರ್ಜರ್ ಸಿಕ್ಕಿಸಿದಾಗ ಎಂಜಿನ್ನಿನ ವೇಗದ ಜೊತೆ ಏರಿಳಿಯುವ ಕೀರಲು ಸದ್ದು ಬಂದರೆ ಅದು ಗಾಡಿಯ ವಿದ್ಯುತ್ತಿನ ಕಲಬೆರಕೆ. ಚಾರ್ಜರ್ ತೆಗೆದ ತಕ್ಷಣ ನಿಲ್ಲುತ್ತದೆ. ಹೊಸ ಮೊಬೈಲುಗಳಲ್ಲಿ ಇಯರ್‌ಫೋನಿನ ತೂತು ಇಲ್ಲದಿದ್ದರೆ ಪರಿವರ್ತಕ ತಂತಿ ಕೊಳ್ಳಬೇಕು. ಬ್ಲೂಟೂತ್ ಅಡಾಪ್ಟರುಗಳೂ ಇವೆ, ಆದರೆ ಅವುಗಳ ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಬೇಕು. ನನ್ನ ಒಲವು ತಂತಿಯ ಕಡೆಗೇ.

ಮೊಬೈಲಿನ ಹಾಡನ್ನು ಗಾಡಿಯ ರೇಡಿಯೋಗೆ ಎಫ್‌ಎಂ ಅಲೆಯಲ್ಲಿ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಸಾಲದೇ ಎಂದು ಕೇಳುವವರಿದ್ದಾರೆ. ಹಳೆಯ ಸೆಟ್ಟಿನಲ್ಲಿ ಮೀಡಿಯಂ ವೇವ್ ಮಾತ್ರ ಇದ್ದರೆ ಅದು ಕೆಲಸಕ್ಕೇ ಬಾರದು.

ಕ್ಯಾಸೆಟ್ ಅಡಾಪ್ಟರಿನ ಮೇಲೆ ನನಗಿರುವ ಅಕ್ಕರೆಗೆ ದೊಡ್ಡ ಕಾರಣ ಬೇರೆಯೇ ಇದೆ. ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕಟ್ಟಿ, 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಭಾವಗೀತೆ ಮನೆಮನೆಗೆ ಹೋದದ್ದು ಹೀಗೆ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರ ಕಂಠವನ್ನೂ ನಾವು ಸುರುಳಿ ಸವೆಯುವಷ್ಟು ಕೇಳಿದ್ದೇವೆ. ಇವು ಮಾರುಕಟ್ಟೆಯಲ್ಲಿ ಮತ್ತೆ ಸಿಕ್ಕಾವು. ಆದರೆ ತುಂಗೆಯ ದಡದ ಹೊಸಹಳ್ಳಿಯಂಥ ಊರಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಗಮಕ, ಮನೆಯಂಗಳದ ತಾಳಮದ್ದಳೆ, ಅಜ್ಜಿಯ ಹಸೆಹಾಡು ಯಾವ ಅಂಗಡಿಯಲ್ಲೂ ಇಲ್ಲ. ಅವು ಅಟ್ಟದ ಡಬ್ಬಿಯಲ್ಲಿವೆ.

ಮಲೆನಾಡಿನ ಮಳೆಗಾಲ ಆ ಡಬ್ಬಿಗೆ ಶತ್ರು. ಥಂಡಿಗೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅಂಥ ಕ್ಯಾಸೆಟ್ಟನ್ನು ಗಾಡಿಯ ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ತಿಳಿದವರಿಂದ ಶುಚಿ ಮಾಡಿಸಿ, ಒಳ್ಳೆಯ ಡೆಕ್ಕಿನಲ್ಲಿ ಒಮ್ಮೆ ಓಡಿಸುತ್ತಾ ಕಂಪ್ಯೂಟರಿಗೆ ಇಳಿಸಿಕೊಳ್ಳಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಇರುತ್ತದೆ. ಅದರ ಎರಡೂ ಬದಿ ಇಳಿಸಲು ಪೂರ್ತಿ ಒಂದು ಗಂಟೆ ಬೇಕು, ಅವಸರ ಸಲ್ಲದು. ಇಳಿಸಿದ ಕೂಡಲೇ ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ, ಗುರುತು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ. ಆಮೇಲೆ ಅಡಾಪ್ಟರ್ ಹಾಕಿ, ಅವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಕೂಡ್ಲಿಯ ಸಂಗಮದವರೆಗೆ ಹೋಗಿಬನ್ನಿ. ಹಾಡಿದ್ದು ಯಾರೆಂದು ತಪ್ಪಾಗಿ ಬರೆದುಕೊಂಡಿದ್ದರೆ ದಾರಿಯಲ್ಲೇ ತಿದ್ದಿಕೊಡುತ್ತಾರೆ.