ಸೋತದ್ದನ್ನೂ ಬರೆದಿಡುವವರು



ಪೋಕರ್ ಆಟವನ್ನು ಹೊಗಳುವವರು ಸಾಮಾನ್ಯವಾಗಿ ಅದರ ಬ್ಲಫ್ಫನ್ನೇ ಹೊಗಳುತ್ತಾರೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಎದುರಾಳಿಯ ರಾಜ-ರಾಣಿಗಳನ್ನು ಕೆಳಗಿಡಿಸುವ ಎದೆಗಾರಿಕೆ, ಮುಖದಲ್ಲಿ ಏನನ್ನೂ ಬಿಟ್ಟುಕೊಡದ ಹಿಡಿತ, ಇವೆಲ್ಲ ನೋಡಲು ಚೆಂದ, ನಿಜ. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆ ಇರುವುದು ಆಟ ಮುಗಿದ ಮೇಲೆ ಶುರುವಾಗುವ ಒಂದು ಕೆಲಸದ ಮೇಲೆ. ಕ್ಯಾಶಿಯರ್ ಕಿಟಕಿಯಲ್ಲಿ ಚಿಪ್ಸ್ ಕೊಟ್ಟು, ನೋಟು ಎಣಿಸಿಕೊಂಡು, ಕಾರು ಹತ್ತುವ ಮೊದಲೇ ಜೇಬಿನ ಪುಸ್ತಕ ತೆಗೆದು ಒಂದು ಸಾಲು ಬರೆಯುವವರಿದ್ದಾರೆ. ಈಗ ಹಲವರು ಮೊಬೈಲಿನಲ್ಲೇ ಬರೆಯುತ್ತಾರೆ. ಆ ಒಂದು ಸಾಲಿನ ಬಗ್ಗೆ, ಅದು ಕಾಯುವ ಬಂಡವಾಳದ ಬಗ್ಗೆ ಇವತ್ತಿನ ಮಾತು.

ಲಾಸ್ ವೇಗಸ್‌ನ ಕ್ಯಾಸಿನೋಗಳಲ್ಲಿ ಹಗಲೂ ರಾತ್ರಿ ನಡೆಯುವ ಆಟಗಳಲ್ಲಿ ಎರಡು-ಐದರ ಆಟವೂ ಒಂದು. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ 2 ಡಾಲರ್, 5 ಡಾಲರ್ ಮುಂದಿಡಬೇಕು. 500 ಡಾಲರ್ ಚಿಪ್ಸ್ ಕೊಂಡು ಕೂರುವುದು ರೂಢಿ. ಆನ್‌ಲೈನ್ ಆಟದಲ್ಲಾದರೆ ಪ್ರತಿ ಕೈಯನ್ನೂ, ಅಂದರೆ ಎಲೆ ಹಂಚಿದ ಪ್ರತಿ ಸುತ್ತನ್ನೂ, ಕಂಪ್ಯೂಟರೇ ದಾಖಲಿಸುತ್ತದೆ. ಮೇಜಿನ ಸುತ್ತ ಕೂತು ಆಡುವಾಗ ನಾವು ಬರೆದರೆ ಉಂಟು, ಇಲ್ಲವಾದರೆ ಇಲ್ಲ. ತಾರೀಕು, ಜಾಗ, ಕೂತ ಹೊತ್ತು, ಎದ್ದ ಹೊತ್ತು, ಮೊದಲು ಕೊಂಡ ಚಿಪ್ಸ್, ನಡುವೆ ಮತ್ತೆ ಕೊಂಡದ್ದು, ಕೊನೆಗೆ ಕೈಗೆ ಬಂದದ್ದು. ಇಷ್ಟೇ ಆ ಸಾಲು.

ಇದರಲ್ಲಿ ಕಷ್ಟದ್ದು ‘ನಡುವೆ ಮತ್ತೆ ಕೊಂಡದ್ದು’. ಒಬ್ಬರು 500 ಡಾಲರ್ ಇಟ್ಟುಕೊಂಡು ಕೂತರು, ಎಲ್ಲ ಹೋಯಿತು. ಪರ್ಸಿನಿಂದ ಇನ್ನೊಂದು 300 ತೆಗೆದರು. ಅದೃಷ್ಟ ತಿರುಗಿತು, 700 ಹಿಡಿದುಕೊಂಡು ಎದ್ದರು. ಬರಿಗೈಯಿಂದ ಮೇಲೆದ್ದ ಆ ಖುಷಿಯಲ್ಲಿ ಮನಸ್ಸು, ಐನೂರಕ್ಕೆ ಏಳುನೂರು ಬಂತು, ಇನ್ನೂರು ಲಾಭ ಎಂದು ಹೇಳಿಬಿಡುತ್ತದೆ. ಪುಸ್ತಕ ಹೇಳುವುದು ನೂರು ನಷ್ಟ ಎಂದು. ಇಂಥ ಸಂಜೆಗಳು ವರ್ಷಕ್ಕೆ ಹತ್ತು ಬಂದರೆ, ನೆನಪಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ 3,000 ಡಾಲರ್ ಅಂತರ. ಸುಳ್ಳು ಹೇಳಬೇಕೆಂದು ಯಾರೂ ಹೇಳುವುದಿಲ್ಲ. ಗೆದ್ದ ರಾತ್ರಿ ಮನಸ್ಸಿನಲ್ಲಿ ಉಳಿಯುತ್ತದೆ, ಸೋತ ರಾತ್ರಿಯನ್ನು ಮನಸ್ಸು ತಾನಾಗಿ ಸವೆಸಿಬಿಡುತ್ತದೆ. ಅದಕ್ಕೇ ಕಾರು ಹತ್ತುವ ಮೊದಲು ಬರೆಯಬೇಕು.

ಇನ್ನು ಇದಕ್ಕೆ ಯಾಕಿಷ್ಟು ಮಹತ್ವ? ಸ್ವಲ್ಪ ಲೆಕ್ಕ ಮಾಡೋಣ, ದಯವಿಟ್ಟು ಜೊತೆಗಿರಿ. ಡೀಲರ್ ಎಲೆ ಕಲಸಿ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು 30 ಕೈ ಮಾತ್ರ ಆಗುತ್ತವೆ. ಎರಡು-ಐದರ ಆಟದಲ್ಲಿ ಒಬ್ಬ ಒಳ್ಳೆಯ ಆಟಗಾರ ಗಂಟೆಗೆ ಸರಾಸರಿ 25 ಡಾಲರ್ ಗಳಿಸುತ್ತಾನೆ ಎಂದಿಟ್ಟುಕೊಳ್ಳಿ. ಆದರೆ ಆ ಒಂದು ಗಂಟೆಯ ಏರಿಳಿತ, ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುವುದು, 300 ಡಾಲರ್ ಆಸುಪಾಸು ಇರುತ್ತದೆ. ನೂರು ಗಂಟೆ ಆಡಿದರೆ ಗಳಿಕೆ ನೂರು ಪಟ್ಟು, 2,500 ಡಾಲರ್. ಏರಿಳಿತ ಬೆಳೆಯುವುದು ಹತ್ತೇ ಪಟ್ಟು, 3,000 ಡಾಲರ್. ಅಂದರೆ ನಿಜವಾಗಿಯೂ ಚೆನ್ನಾಗಿ ಆಡುವ ಐವರಲ್ಲಿ ಒಬ್ಬರು ನೂರು ಗಂಟೆಯ ಕೊನೆಗೂ ನಷ್ಟದಲ್ಲೇ ಇರುತ್ತಾರೆ. ವಾರಕ್ಕೊಮ್ಮೆ ಐದು ಗಂಟೆ ಆಡುವವರಿಗೆ ನೂರು ಗಂಟೆ ಎಂದರೆ ಹೆಚ್ಚೂಕಡಿಮೆ ಯುಗಾದಿಯಿಂದ ಗಣೇಶನ ಹಬ್ಬದವರೆಗೆ. ಅಷ್ಟು ಕಾಲ ತಪ್ಪಿಲ್ಲದೆ ಆಡಿಯೂ ಕಳೆದುಕೊಂಡಿರಬಹುದು. ಅದೇ ಅವಧಿಯಲ್ಲಿ ಆಟ ಬಾರದವರು ಗೆದ್ದಿರಲೂಬಹುದು, ಗೆದ್ದು ತಾವು ನಿಪುಣರೆಂದು ನಂಬಿರಲೂಬಹುದು. ಸಾವಿರ ಗಂಟೆ ಬರೆದಿಟ್ಟ ಮೇಲೆ ಚಿತ್ರ ತಿಳಿಯಾಗುತ್ತದೆ. ಆಗ ಆ ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಾಧ್ಯತೆ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ.

ಆ ಸಾವಿರ ಗಂಟೆ ದಾಟುವ ತನಕ ದಿವಾಳಿಯಾಗದೆ ಉಳಿಯಬೇಕಲ್ಲ, ಬಂಡವಾಳದ ಮಾತು ಬರುವುದು ಇಲ್ಲಿ. ಮನೆ ಬಾಡಿಗೆ, ಮಕ್ಕಳ ಫೀಸು ಯಾವುದನ್ನೂ ಮುಟ್ಟದೆ ಆಟಕ್ಕೆಂದೇ ಬೇರೆ ಎತ್ತಿಟ್ಟ ದುಡ್ಡು ಅದು. ಇದೇ ಆಟಗಾರನ ಹತ್ತಿರ 2,500 ಡಾಲರ್ ಇದ್ದರೆ, ನಾಲ್ಕರಲ್ಲಿ ಒಂದು ಪಾಲು ಅದು ಎಂದಾದರೊಮ್ಮೆ ಪೂರ್ತಿ ಕರಗುವ ಸಾಧ್ಯತೆ ಇದೆ. 5,000 ಇದ್ದರೆ ಆ ಅಪಾಯ ನೂರಕ್ಕೆ ಆರು. 10,000 ಇದ್ದರೆ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಗೆದ್ದದ್ದನ್ನು ಮನೆಖರ್ಚಿಗೆ ತೆಗೆಯದಿದ್ದರೆ ಮಾತ್ರ ಈ ಲೆಕ್ಕ. ಈಗ ಆತನ ನಿಜವಾದ ಗಳಿಕೆ ಇಪ್ಪತ್ತೈದಲ್ಲ, ಗಂಟೆಗೆ ಹತ್ತೇ ಡಾಲರ್ ಎಂದಿಟ್ಟುಕೊಳ್ಳಿ. ಅದೇ 10,000ಕ್ಕೆ ಅಪಾಯ ನೂರಕ್ಕೆ ಹನ್ನೊಂದಕ್ಕೆ ಏರುತ್ತದೆ. ಗಳಿಕೆ ಸೊನ್ನೆಗಿಂತ ಕೆಳಗಿದ್ದರೆ ಎಷ್ಟಿದ್ದರೂ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆ ಎಷ್ಟುದ್ದ ಎಂದು ಅಳೆದು ಹೇಳುವುದು ಆ ಪುಸ್ತಕವೇ.

ಬಂಡವಾಳವನ್ನು ಕಾಯದೆ ಹೋದ ಆಟಗಾರ ಸ್ಟೂ ಅಂಗರ್ ಅವರ ಬದುಕನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಸ್ಪೀಟಿನಲ್ಲಿ ಅವರಂಥ ಬುದ್ಧಿ ಬಹಳ ಅಪರೂಪ. ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು 1980ರಲ್ಲಿ ಗೆದ್ದರು, 1981ರಲ್ಲಿ ಮತ್ತೆ ಗೆದ್ದರು, 1997ರಲ್ಲಿ ಮೂರನೇ ಸಲ ಗೆದ್ದರು. ಆ ಮೂರನೇ ಸಲ ಪ್ರವೇಶ ಶುಲ್ಕ 10,000 ಡಾಲರ್ ಕಟ್ಟಲೂ ಅವರಲ್ಲಿ ದುಡ್ಡಿರಲಿಲ್ಲ, ಬಿಲ್ಲಿ ಬ್ಯಾಕ್ಸ್ಟರ್ ಎಂಬ ಗೆಳೆಯ ಕಟ್ಟಿದರು. ಬಂದ 10 ಲಕ್ಷ ಡಾಲರನ್ನು ಇಬ್ಬರೂ ಹಂಚಿಕೊಂಡರು. ಅಂಗರ್ ಪಾಲಿನದು ಕ್ರೀಡಾ ಬೆಟ್ಟಿಂಗಿಗೂ ಮಾದಕ ವಸ್ತುಗಳಿಗೂ ಹೋಯಿತು. 1998ರ ನವೆಂಬರಿನಲ್ಲಿ ಲಾಸ್ ವೇಗಸ್‌ನ ಒಂದು ಮೋಟೆಲಿನಲ್ಲಿ ಅವರು ಶವವಾಗಿ ಸಿಕ್ಕಾಗ ವಯಸ್ಸು 45. ಹತ್ತಿರ ಇದ್ದದ್ದು ಸುಮಾರು 800 ಡಾಲರ್.

ಇದಕ್ಕೆ ತದ್ವಿರುದ್ಧ ಕ್ರಿಸ್ ಫರ್ಗ್ಯೂಸನ್. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, 2000ದ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದವರು. ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮುಟ್ಟುತ್ತೇನೆ ಎಂದು ಆನ್‌ಲೈನಿನಲ್ಲಿ ಆಡಿ ತೋರಿಸಿದರು. ಒಂದು ಮೇಜಿಗೆ ಬಂಡವಾಳದ ನೂರಕ್ಕೆ ಐದಕ್ಕಿಂತ ಹೆಚ್ಚು ತರುವಂತಿಲ್ಲ, ದೊಡ್ಡ ಟೂರ್ನಿಗೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಹಾಕುವಂತಿಲ್ಲ. ಇವು ಊಹಿಸಬಹುದಾದ ನಿಯಮಗಳು. ನನಗೆ ಬೆರಗು ಹುಟ್ಟಿಸುವುದು ಇನ್ನೊಂದು: ಗೆದ್ದು ಗೆದ್ದು ಮೇಜಿನ ಮೇಲಿನ ದುಡ್ಡು ಒಟ್ಟು ಬಂಡವಾಳದ ನೂರಕ್ಕೆ ಹತ್ತನ್ನು ದಾಟಿದರೆ ಅಲ್ಲಿಂದ ಎದ್ದುಬಿಡಬೇಕು. ದುಡ್ಡು ತಾನಾಗಿ ಬರುತ್ತಿರುವಾಗ ಏಳುವುದು! ಸೋಲುವಾಗ ಏಳಲಾರದವರನ್ನು ಎಲ್ಲರೂ ಕಂಡಿದ್ದೇವೆ. ಗೆಲ್ಲುವಾಗ ನಿಯಮಕ್ಕೆ ಕಟ್ಟುಬಿದ್ದು ಏಳುವವರು ಎಷ್ಟು ಜನ ಸಿಕ್ಕಾರು?

ನಮ್ಮಲ್ಲಿ ಪಣಜಿಯ ಮಾಂಡವಿ ಹೊಳೆಯ ಕ್ಯಾಸಿನೋ ಹಡಗುಗಳಲ್ಲಿ ಆಡಿ ಬರುವ ಕನ್ನಡಿಗರಿಗೆ ಲೆಕ್ಕ ಇನ್ನೂ ಬಿಗಿ. ಇಸ್ಪೀಟಿನ ಗೆಲುವಿಗೆ ಶೇಕಡಾ 30 ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯುವ ಹಾಗಿಲ್ಲ. ಅಮೆರಿಕದಲ್ಲಾದರೆ ತೆರಿಗೆ ಇಲಾಖೆಯೇ ಗೆಲುವು-ಸೋಲುಗಳ ದಿನಚರಿ ಇಡಿ ಎನ್ನುತ್ತದೆ.

ಮೇಜಿನ ಪ್ರತಿ ದೊಡ್ಡ ಪಣದ ರಾಶಿಯಿಂದಲೂ ಕ್ಯಾಸಿನೋ ತನ್ನ ಪಾಲು ತೆಗೆಯುವುದರಿಂದ, ಕೂತವರೆಲ್ಲ ಸೇರಿ ಒಟ್ಟಿನಲ್ಲಿ ಸೋಲುವವರೇ. ಹಾಗಾಗಿ ಪ್ರಾಮಾಣಿಕವಾಗಿ ಬರೆದ ಪುಸ್ತಕಗಳಲ್ಲಿ ಹೆಚ್ಚಿನವು ನಷ್ಟವನ್ನೇ ತೋರಿಸುತ್ತವೆ. ಹಾಗೆ ತೋರಿಸಿದ ಮೇಲೂ ಬರೆಯುವುದನ್ನು ನಿಲ್ಲಿಸದವರ ಮೇಲೆ ನನಗೆ ಗೆದ್ದವರಿಗಿಂತ ಹೆಚ್ಚು ಗೌರವ. ಬಂಡವಾಳ ಅರ್ಧಕ್ಕಿಳಿದ ದಿನ ಗೆಳೆಯರೆಲ್ಲ ನೋಡುತ್ತಿರುವಂತೆಯೇ ಎರಡು-ಐದರ ಮೇಜು ಬಿಟ್ಟು ಒಂದು-ಮೂರರ ಮೇಜಿಗೆ ಹೋಗಿ ಕೂರುವವರು ಅವರು. ವರ್ಷಕ್ಕೆ 200 ಗಂಟೆ ಆಡಿ 1,600 ಡಾಲರ್ ಕಳೆದವರಿಗೆ, ಈ ಹವ್ಯಾಸಕ್ಕೆ ಗಂಟೆಗೆ 8 ಡಾಲರ್ ಬೀಳುತ್ತಿದೆ ಎಂದು ಪುಸ್ತಕ ತಿಳಿಸುತ್ತದೆ. ಅಷ್ಟು ಕೊಟ್ಟು ಮುಂದಿನ ವರ್ಷವೂ ಆಡಬೇಕೇ ಬೇಡವೇ ಎಂದು ಅವರೀಗ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯವರ ಜೊತೆ ಮಾತಾಡಬಹುದು.